ನಕ್ಷೆಯಲ್ಲಿ ಕಾಣದ ಅಣು

ಅಂದು ನಕ್ಷೆಯಲ್ಲಿ ಔಷಧದ ಅಣು ಸ್ಪಷ್ಟವಾಗಿ ಕಂಡಿತ್ತೆಂದೇ ನನ್ನ ನೆನಪು. ಆದರೆ ನನ್ನ ನೆನಪಿಗೆ ತನಗೆ ಅನುಕೂಲವಾದದ್ದನ್ನೇ ಉಳಿಸಿಕೊಳ್ಳುವ ಚಾಳಿಯಿದೆ.

ಮಣಿಪಾಲದಲ್ಲಿ ಪಿಎಚ್‌.ಡಿ. ಮಾಡುವಾಗ ನಾನೊಂದು ಪ್ರೋಟೀನಿನ ರಚನೆ ಕಂಡುಹಿಡಿದಿದ್ದೆ. ಅದರೊಳಗೆ ಔಷಧ ಕೂತ ಬಗೆಯನ್ನು, ಎಕ್ಸ್‌-ರೇ ಅಳತೆಗಳ ಸಮೇತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಆನ್‌ಲೈನ್ ಸಂಗ್ರಹಕ್ಕೆ ಸೇರಿಸಿದ್ದೆ. ಆ ಅಳತೆಗಳಿಂದ ಕಂಪ್ಯೂಟರ್ ಬಿಡಿಸುವ ನಕ್ಷೆಯಲ್ಲೇ ಅಣುಗಳ ಜಾಗ ಕಾಣುವುದು. ಕಳೆದ ವಾರ ಕಾರ್ಕಳದ ಕಾಲೇಜಿನ ಅಧ್ಯಾಪಕಿಯೊಬ್ಬರು ಲ್ಯಾಪ್‌ಟಾಪ್ ಹಿಡಿದು ನನ್ನ ಕೋಣೆಗೆ ಬಂದರು.

"ಸರ್, ನಿಮ್ಮ ಅಳತೆಗಳಿಂದಲೇ ನಕ್ಷೆ ಮಾಡಿದೆ. ಔಷಧ ಎಲ್ಲಿ ಉಂಟು? ನನಗೆ ಕಾಣುವುದಿಲ್ಲ."

"ನಕ್ಷೆಯ ಮಟ್ಟ ಸ್ವಲ್ಪ ಇಳಿಸಿ," ಎಂದೆ.

ಇಳಿಸಿದರು; ಮಟ್ಟ ಇಳಿದಷ್ಟೂ ದುರ್ಬಲ ಸುಳಿವುಗಳೂ ಪರದೆಗೆ ಬರುತ್ತವೆ. ಔಷಧದ ಜಾಗದಲ್ಲಿ ಮೋಡದಂಥದ್ದು ಮೂಡಿತು. ಪರದೆಯ ತುಂಬ ಅಂಥವೇ ಅರ್ಥವಿಲ್ಲದ ಮೋಡಗಳೂ ಮೂಡಿದವು.

"ಇಷ್ಟು ಇಳಿಸಿದರೆ ನನ್ನ ಅತ್ತೆಯೂ ಕಾಣ್ತಾರೆ ಮಾರಾಯ್ರೆ!" ಅವರು ಪೂರ್ತಿ ನಗಲಿಲ್ಲ. "ನನ್ನ ವಿದ್ಯಾರ್ಥಿನಿ ಎರಡು ವರ್ಷದಿಂದ ಇದನ್ನೇ ನಂಬಿ ಹೊಸ ಔಷಧ ಹುಡುಕುತ್ತಿದ್ದಾಳೆ. ಮುಂದುವರಿಸಬೇಕಾ, ಬೇಡವಾ, ನೀವೇ ಹೇಳಿ."

'ಆಗ ಕಂಡಿತ್ತು' ಎಂದಿದ್ದರೆ ನಾನು ಪಾರಾಗುತ್ತಿದ್ದೆ. ಆದರೆ ಹಳೆಯ ಕಂಪ್ಯೂಟರಿನಲ್ಲಿ ನಾನು ಉಳಿಸಿಟ್ಟಿದ್ದ ಅಂದಿನ ನಕ್ಷೆಯ ಕಡತ ತೆರೆದೆ. ಅದರಲ್ಲಿದ್ದ ಮಟ್ಟ ಅವರು ಇಳಿಸಿದ್ದಕ್ಕಿಂತಲೂ ಕೆಳಗಿತ್ತು. ಔಷಧ ಕಾಣುವವರೆಗೆ ನಾನು ಇಳಿಸುತ್ತಲೇ ಹೋಗಿದ್ದೆ.

"ಬೇಡ," ಎಂದೆ.

ಅವರು ಕಡತವನ್ನೂ ನನ್ನನ್ನೂ ನೋಡಿ, ಫೋನ್ ಹಿಡಿದು ಹೊರಗೆ ಹೋದರು. ನಾನು ಸಂಗ್ರಹದ ಜಾಲತಾಣದಲ್ಲಿ ನನ್ನ ರಚನೆಯನ್ನು ಹಿಂತೆಗೆಯುವ ಅರ್ಜಿ ತೆರೆದೆ. ಬಾಗಿಲಾಚೆ ಅವರು ಆ ಹುಡುಗಿಗೆ ತುಳುವಿನಲ್ಲಿ ಮೆಲ್ಲಗೆ ವಿಷಯ ತಿಳಿಸುತ್ತಿದ್ದರು. ಅರ್ಜಿ ಕಾರಣ ಕೇಳುತ್ತಿತ್ತು.