ಬೆರಳು ಒಳಗೆ

ಮಿಸ್ ಅವರ ನಡುಬೆರಳಿನ ತುದಿ ಚಪ್ಪಟೆಯಾಗಿತ್ತು, ಅದರಲ್ಲಿ ಉಗುರಿರಲಿಲ್ಲ. ಎಡಗೈಯದು ಎಂದು ಬರೆಯಹೊರಟು ಅನುಮಾನಿಸುತ್ತಿದ್ದೇನೆ, ಬಲಗೈಯದೂ ಇರಬಹುದು. ಚಿಕ್ಕವರಿದ್ದಾಗ ಸ್ಕೇಟಿಂಗ್ ಮಾಡುತ್ತಾ ಬಿದ್ದು ಅಂಗೈ ಊರಿದ್ದರಂತೆ. ಹಿಂದೆ ಬರುತ್ತಿದ್ದವರ ಕಬ್ಬಿಣದ ಚಕ್ರ ಬೆರಳ ಮೇಲೆ ಹಾದುಹೋಗಿತ್ತು.

ತೊಂಬತ್ತರ ದಶಕದಲ್ಲಿ ಪುಲಿಕೇಶಿನಗರದ ಒಂದು ಸಿಮೆಂಟು ಅಂಗಳದಲ್ಲಿ ಅವರು ನಮಗೆ ಚಕ್ರದ ಸ್ಕೇಟಿಂಗ್ ಕಲಿಸುತ್ತಿದ್ದರು. ಭಾನುವಾರ ಚರ್ಚಿನಿಂದ ನೇರವಾಗಿ ಬರುತ್ತಿದ್ದರು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಮೊದಲು ಕಲಿಸಿದ್ದು ಬೀಳುವುದನ್ನು. ಬಿದ್ದೊಡನೆ ಮುಷ್ಟಿ ಕಟ್ಟಬೇಕು. "ಬೆರಳು ಒಳಗೆ" ಎಂಬ ಅವರ ಕೂಗು ಪಕ್ಕದ ಬೀದಿಗೂ ಕೇಳುತ್ತಿತ್ತು. ನಾನು ವಾದಕ್ಕಿಳಿದರೆ, "ಫಸ್ಟ್ ಕೈ ಮುಚ್ಚು ಡಾ. ನಿನ್ ಕ್ವೆಶ್ಚನ್ ಎಲ್ಲಾ ಆಮೇಲೆ" ಎನ್ನುತ್ತಿದ್ದರು, ತಮಿಳು ಬೆರೆತ ತಮ್ಮ ಕನ್ನಡದಲ್ಲಿ.

ನಾನು ಎಂ.ಎ. ಓದುತ್ತಿದ್ದಾಗ ನಮ್ಮ ಕಡೆ ಒಂದು ಪುಟ್ಟ ಐಸ್ ರಿಂಕ್ ಶುರುವಾಯಿತು. ಮಿಸ್ ನಮ್ಮಂಥ ಹಳೆಯ ಶಿಷ್ಯರನ್ನು ಕರೆದುಕೊಂಡು ಹೋದರು. ಮಂಜುಗಡ್ಡೆಯ ಮೇಲೆ ಅವರೂ ಅದುವರೆಗೆ ನಿಂತವರಲ್ಲ. ಒಳಗೆ ಹಾಡು ಕಿವಿ ಕಿತ್ತುಹೋಗುವಂತೆ ಮೊಳಗುತ್ತಿತ್ತು. ಕಲ್ಯಾಣ ನಗರದ ನನ್ನ ಗೆಳೆಯ ಕಂಬಿ ಹಿಡಿದೇ ನಿಂತಿದ್ದ. ಚಕ್ರದ ಅನುಭವ ನೆಚ್ಚಿಕೊಂಡು ನಾನು ನಡುವಿಗೇ ಜಾರಿದೆ. ವೇಗ ಹೆಚ್ಚಿತು. ಎದುರಿಗೆ ಗೋಡೆ.

ನಿಲ್ಲಲು ಚಕ್ರದ ಮೇಲೆ ಮಾಡುತ್ತಿದ್ದುದನ್ನೇ ಮಾಡಿದೆ: ಶೂವಿನ ಮೂತಿ ಒತ್ತಿದೆ. ಅಲ್ಲಿ ರಬ್ಬರಿನ ಬ್ರೇಕ್ ಇರಲಿಲ್ಲ; ಬ್ಲೇಡಿನ ತುದಿಯ ಹಲ್ಲುಗಳು ಮಂಜಿಗೆ ಕಚ್ಚಿಕೊಂಡವು. ಬೋರಲಾಗಿ ಬಿದ್ದೆ, ಎರಡೂ ಅಂಗೈ ಚಾಚಿಕೊಂಡು. ಕಂಬಿ ಬಿಟ್ಟು ನನ್ನ ಹಿಂದೆಯೇ ಜಾರಿ ಬರುತ್ತಿದ್ದ ಗೆಳೆಯ ಕಿರುಚಿದ, "ನಿಲ್ಸಕ್ಕಾಗ್ತಿಲ್ಲ ಮಗಾ, ಸರ್ಕೋ." ಅವನ ಬ್ಲೇಡು ಮಂಜು ಕೊರೆಯುವ ಸದ್ದು ಹತ್ತಿರವಾಯಿತು. ಏಳಲಾಗಲಿಲ್ಲ.

"ಬೆರಳು ಒಳಗೆ."

ಮುಷ್ಟಿ ಬಿಗಿದೆ. ಬ್ಲೇಡು ಗೆಣ್ಣುಗಳನ್ನು ಸವರಿದಂತೆ ಹಾದುಹೋಯಿತು. ಕೈಮೇಲೆ ಮಂಜಿನ ಪುಡಿ ಬಿದ್ದಿತ್ತು, ರಕ್ತವಿರಲಿಲ್ಲ.

ಯಾರೂ ಕೂಗಲಿಲ್ಲ ಎಂದು ಗೆಳೆಯ ಈಗಲೂ ಹೇಳುತ್ತಾನೆ. ಆ ಹಾಡಿನಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ, ಮಿಸ್ ಬಾಗಿಲ ಬಳಿ ನಮಗೆ ಬೆನ್ನು ಹಾಕಿ ಲೇಸು ಕಟ್ಟಿಕೊಳ್ಳುತ್ತಿದ್ದರು ಎನ್ನುತ್ತಾನೆ. ಅವನು ಸುಳ್ಳು ಹೇಳುವವನಲ್ಲ. ನನ್ನ ನೆನಪು ಸುಳ್ಳು ಹೇಳುವುದುಂಟು.

ಅಂದೇ ಹಿಂತಿರುಗುವಾಗ ಆಟೋದಲ್ಲಿ ಕೇಳಿದ್ದೆ, "ಮಿಸ್, ನೀವು ಕೂಗಿದ್ರಾ?"

ಅವರು ನನ್ನ ಕೈ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿ ನೋಡಿದರು. "ಆ ಬ್ರೇಕ್ ಇಲ್ಲಿ ನಡಿಯಲ್ಲ ಅಂತ ನಂಗೂ ಗೊತ್ತಿರ್ಲಿಲ್ಲ ಡಾ," ಎಂದರು. "ಬೆರಳೆಲ್ಲಾ ಇದೆ ಅಲ್ವಾ? ಯಾರ್ ಕೂಗಿದ್ರೆ ಏನು?"

ಅವರನ್ನು ಮಣ್ಣು ಮಾಡಿದ ದಿನ ಶಿಷ್ಯರೆಲ್ಲ ಸಾಲಾಗಿ ಬಂದು ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನೂ ಹಿಡಿ ತುಂಬಿಕೊಂಡು ಅಂಚಿಗೆ ಹೋಗಿ ಕೈ ಚಾಚಿದೆ. ಬೆರಳುಗಳು ಬಿಚ್ಚಲೊಲ್ಲವು. ಸಾಲು ನಿಂತೇಬಿಟ್ಟಿತು. ಹಿಂದಿದ್ದ ಅದೇ ಗೆಳೆಯ ನನ್ನ ಭುಜ ಹಿಡಿದು, "ಬಿಡು ಮಗಾ," ಎಂದ.