ಮಳೆಗಾಲದಲ್ಲಿ ಆರಿಸಿದ ಸ್ಪೀಕರು

ಕೊಡಗು ಮೈಸೂರಿಗೆ ಸೇರಿದ ಹೊಸತು. ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನನ್ನ ಯಜಮಾನರು ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣು ಅಳೆಸುವುದು, ಧಣಿಗಳ ಜೀಪಿನ ಸದ್ದು ಕೇಳಿದೊಡನೆ ಎದ್ದು ನಿಲ್ಲುವುದು ಅವರ ಕೆಲಸ. ಆ ಎದ್ದು ನಿಲ್ಲುವುದೊಂದು ಅವರಿಗೆ ಆಗುತ್ತಿರಲಿಲ್ಲ. ಮದುವೆಮನೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಯಾರ ಕೈಕೆಳಗೂ ಇಲ್ಲದೆ ಬದುಕಬೇಕೆಂದು ಅವರು ನಿಶ್ಚಯಿಸಿದರು.

ಎಸ್ಟೇಟಿನಲ್ಲಿ ಸ್ವಲ್ಪ ಬಿಡುವು ಸಿಗುವುದು ಕಕ್ಕಡದ, ಅಂದರೆ ಆಷಾಢದ, ಮಳೆಯಲ್ಲಿ. ಸೆಟ್ಟು ತಂದದ್ದೂ ಆಗಲೇ. ಮಡಿಕೇರಿಯ ಅಂಗಡಿಯವನು ಆಂಪ್ಲಿಫೈಯರಿನ ಜೊತೆಗೆ ಎರಡು ಬಗೆಯ ಸ್ಪೀಕರು ಕೊಟ್ಟು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಿ ಎಂದಿದ್ದ. ಒಂದು ಹಾರ್ನ್, ಉಮ್ಮತ್ತಿ ಹೂವಿನಂತೆ ಬಾಯಿ ತೆರೆದದ್ದು. ಇನ್ನೊಂದು ಮರದ ಪೆಟ್ಟಿಗೆ. ಅದರ ಮುಂದುಗಡೆಯ ಕಂದು ಬಟ್ಟೆಯಲ್ಲಿ ಸಣ್ಣ ಜರಿಯ ಎಳೆಯಿತ್ತು.

ಹಾರ್ನನ್ನು ಜಗಲಿಯ ಕಂಬಕ್ಕೆ ಕಟ್ಟಿ, ಬ್ಯಾಟರಿಗೆ ತಂತಿ ಸಿಕ್ಕಿಸಿ, ಹಾಡಿನ ಪ್ಲೇಟು ಹಾಕಿ, ನನ್ನನ್ನು ಗದ್ದೆಯಾಚೆಯ ಗೇಟಿಗೆ ಕಳಿಸಿದರು.

"ಕೇಳ್ಸಿದ್ರೆ ಕೊಡೆ ಎತ್ತಿ ತೋರ್ಸು."

ಕೊಡೆಯ ಮೇಲೆ ಮಳೆ, ತೋಡಿನಲ್ಲಿ ನೀರು, ಸಿಲ್ವರ್ ಮರಗಳಲ್ಲಿ ಗಾಳಿ. ಕೊಡೆ ಮಡಚಿ, ತಲೆಯೊಡ್ಡಿ ನಿಂತೆ. ಆಗಲೂ ಹಾಡು ಕೇಳಲಿಲ್ಲ. ತೊಯ್ದು ವಾಪಸು ಬಂದೆ.

"ಏನೇ, ಕೇಳ್ಲೇ ಇಲ್ವಾ?"

"ಇಲ್ಲಾರೀ. ತೋಡಿನ ನೀರೇ ಕೇಳಿದ್ದು."

"ಕಾನ್ವೆಂಟಿನ ಸಿಸ್ಟರುಗಳು ಹಿಂಡಿ ಹಿಂಡಿ ನಿನ್ನ ಕಿವಿ ಕೆಡಿಸಿದ್ದಾರೆ ಮಾರಾಯ್ತಿ!"

ಆಮೇಲೆ ಒಳಗೆ ಕಿಟಕಿ ಮುಚ್ಚಿ ಪೆಟ್ಟಿಗೆಯನ್ನು ಹಚ್ಚಿದರು. ಹಾಡುವವಳು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಅತ್ತೆ ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು.

"ಇವ್ಳು ಒಳ್ಳೆ ಹೆಂಗ್ಸು ಮಗಾ, ಮೆತ್ತಗೆ ಹಾಡ್ತಾಳೆ. ಆ ಕೊಳವೆಯವ್ಳು ಜಗಳಗಂಟಿ."

ಮೂವರೂ ನಕ್ಕೆವು. "ಗದ್ದೆಯಾಚೆಗೆ ಹೇಗೂ ಯಾವುದೂ ಕೇಳಲ್ಲ. ಚೆನ್ನಾಗಿ ಹಾಡೋದನ್ನೇ ಇಟ್ಕೊಳ್ಳೋಣ" ಎಂದರು ಇವರು. ಹಾರ್ನು ಗೋಣಿಯೊಳಗೆ ಸೇರಿ ಬಸ್ಸೇರಿತು. ಮಳೆಯಲ್ಲಿ ನಮ್ಮಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಮಳೆ ನಿಂತ ಮೇಲೆ ಇನ್ನೊಮ್ಮೆ ಗೇಟಿನವರೆಗೆ ನಡೆದು ನೋಡೋಣವೆಂದು ಮೂವರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಪಿಕ್ಕಿಂಗ್ ಮುಗಿದ ಮೇಲೆ ಇವರು ಕೆಲಸ ಬಿಟ್ಟರು. ಮೊದಲ ಕರೆ ಸೋಮವಾರಪೇಟೆ ಕಡೆಯ ಒಂದು ಮದುವೆಯದು. ನನಗೂ ಊಟಕ್ಕೆ ಹೇಳಿದ್ದರು. ನಮ್ಮ ಕಡೆ ಗುಡ್ಡಕ್ಕೊಂದು ಮನೆ. ಮೈಕಿನ ಹಾಡು ಕೇಳಿದ ಮೇಲೆಯೇ ಆಚೆಗುಡ್ಡದ ನೆಂಟರು ಸೀರೆ ಉಟ್ಟು, ಮನೆಗೆ ಬೀಗ ಹಾಕಿ ಹೊರಡುವುದು ಆಗ ರೂಢಿಯಾಗುತ್ತಿತ್ತು. ಮೈಕ್ ಹಾಕಿಸುತ್ತಿದ್ದುದೇ ಅದಕ್ಕೆ.

ನಮ್ಮ ಪೆಟ್ಟಿಗೆ ಚಪ್ಪರದ ಮೂಲೆಯಲ್ಲಿ ಇಂಪಾಗಿ ಹಾಡಿತು. ಅಂಗಳದಲ್ಲಿ ವಾಲಗ ಶುರುವಾದದ್ದೇ, ಪಕ್ಕದಲ್ಲಿ ಕೂತಿದ್ದ ನನಗೂ ಕೇಳದಾಯಿತು. ಮದುಮಗಳ ಸೋದರಮಾವ ಬಂದು ಪೆಟ್ಟಿಗೆಗೆ ಕಿವಿಯಿಟ್ಟ.

"ಏನ್ ರೈಟ್ರೇ, ಇದು ಮದುಮಗಳ ಕಿವೀಲಿ ಮಾತ್ರ ಹಾಡ್ತದಾ? ಆಚೆಗುಡ್ಡದ ಭಾವ ಇನ್ನೂ ಗದ್ದೇಲಿ ನಿಂತಿದ್ದಾರಂತೆ!"

ಚಪ್ಪರವೆಲ್ಲ ನಕ್ಕಿತು. ಇವರೂ ನಗುತ್ತ ತಿರುಪು ತಿರುಗಿಸಿದರು. ಬಟ್ಟೆ ಅದುರಿ, ಹಾಡುವವಳ ದನಿ ಒಡೆಯಿತು. ನಿಲ್ಲಿಸಿದರು. ವಾಲಗದವರೂ ಅಷ್ಟು ಹೊತ್ತಿಗೆ ನೀರು ಕುಡಿಯಲು ನಿಂತಿದ್ದರು. ಆ ನಿಶ್ಶಬ್ದದಲ್ಲಿ, ಎರಡು ಗುಡ್ಡದಾಚೆಯ ಯಾವುದೋ ಮದುವೆಯ ಹಾರ್ನು, ಬಿಸಿಲಿನಲ್ಲಿ, ಒಂದೊಂದು ಶಬ್ದವೂ ಸ್ಪಷ್ಟವಾಗಿ ತೇಲಿಬಂತು. ನಾವಿಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ಆಮೇಲೆ ಯಾರೂ ಕರೆಯಲಿಲ್ಲ. ಬಳಸಿದ ಪೆಟ್ಟಿಗೆಯನ್ನು ಅಂಗಡಿಯವನು ಬದಲಾಯಿಸಿಕೊಡಲಿಲ್ಲ. ಇವರು ಎಸ್ಟೇಟಿಗೇ ಹೋದರು. ಧಣಿಗಳು ಏನೂ ಅನ್ನದೆ ಸೇರಿಸಿಕೊಂಡರು. ಜೀಪಿನ ಸದ್ದಿಗೆ ಈಗ ಇವರು ಮೊದಲಿಗಿಂತ ಬೇಗ ಎದ್ದು ನಿಲ್ಲುತ್ತಾರೆಂದು ಅಲ್ಲಿಯ ಮೇಸ್ತ್ರಿಯ ಹೆಂಡತಿ ನನಗೆ ಮೆಚ್ಚುಗೆಯಿಂದಲೇ ಹೇಳಿದಳು.

ಮುಂದಿನ ಮಳೆಗಾಲದಲ್ಲಿ ಅತ್ತೆ, "ಮಗಾ, ಆ ಒಳ್ಳೆ ಹೆಂಗ್ಸನ್ನ ಒಂಚೂರು ಹಾಡ್ಸು" ಎನ್ನುತ್ತಿದ್ದರು. ಇವರು ಪ್ಲೇಟು ಹಾಕಿ, ಮುಳ್ಳು ಇಳಿಸಿ, ಜಗಲಿಗೆ ಹೋಗಿ ಕೂರುತ್ತಿದ್ದರು. ಅದರ ದನಿ ಆಗಲೂ ಬಹಳ ಚೆನ್ನಾಗಿತ್ತು. ಜಗಲಿಯವರೆಗೆ ಕೇಳುತ್ತಿರಲಿಲ್ಲ.