ಸರ್ದಾರಬಿಯ ಮನೆಯಲ್ಲಿಟ್ಟ ಭರಣಿಗಳು

ಗುರುಗುಂಟಾದ ಮರಿಸ್ವಾಮಿಗೆ ಸಿಟ್ಟು ಬಂದರೆ ಮೊದಲ ಏಟು ಬೀಳುತ್ತಿದ್ದುದು ಹೆಂಡತಿಗಲ್ಲ, ಅವಳ ಭರಣಿಗಳಿಗೆ. ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯ ಬಾಗಿಲು ಒದ್ದು ಒಳನುಗ್ಗಿ, ಕೈಗೆ ಸಿಕ್ಕಿದ್ದನ್ನು ಎತ್ತಿ ತಂದು ಅಂಗಳದ ಹಾಸುಬಂಡೆಗೆ ಅಪ್ಪಳಿಸುತ್ತಿದ್ದ. ಮಾವಿನಕಾಯಿ ಉಪ್ಪಿನಕಾಯಿಯೋ, ಹಣ್ಣುಮೆಣಸಿನಕಾಯಿ ಕುಟ್ಟಿ ಮಾಡಿದ ಕೆಂಪು ಹಿಂಡಿಯೋ, ಹುಣಸೆ ತೊಕ್ಕೋ, ಯಾವುದಾದರೂ ಸರಿ. ಬಿಸಿಲಲ್ಲಿ ಕೂತು ಬೆನ್ನು ಸುಟ್ಟುಕೊಂಡು ಒಣಗಿಸಿದ ಸಂಡಿಗೆ, ಹಪ್ಪಳ ಅವನ ಚಪ್ಪಲಿಯಡಿ ಪುಡಿಯಾಗುತ್ತಿದ್ದವು. ಅಷ್ಟಾದ ಮೇಲೆ ಹೆಂಡತಿ ವೀರಭದ್ರಮ್ಮನ ಸರದಿ.

ಇಂಥದ್ದೇ ಕಾರಣ ಬೇಕು ಅಂತಿರಲಿಲ್ಲ. ಹೊಲದ ಬದುವಿನ ವಿಷಯಕ್ಕೆ ಯಾರೋ ಎದುರು ಮಾತಾಡಿರುತ್ತಿದ್ದರು, ಲಿಂಗಸುಗೂರಿನ ಬಸ್ಸು ತಪ್ಪಿರುತ್ತಿತ್ತು, ಕುಡಿದದ್ದು ಸಾಲದೇ ಹೋಗಿರುತ್ತಿತ್ತು. ಹೊರಗೆ ಯಾರ ಮೇಲೂ ಕೈ ಮಾಡಲಾಗದವನು ಮನೆಗೆ ಬಂದು ಕೈ ಮಾಡುತ್ತಿದ್ದ. ಹೆಂಡತಿಯ ಜೀವ ಎಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಯಲ್ಲಿ ಹೊಲ ಅವನದು, ಕುರಿ ಅವನವು, ಮಗಳು ಶಿವಕುಮಾರಿಯ ಶಾಲೆಯ ಮಾತೂ ಅವನದೇ. ಕೋಣೆಯೊಂದು ಮಾತ್ರ ವೀರಭದ್ರಮ್ಮನದು. ಯಾವ ಭರಣಿಯ ಬಾಯಿ ಯಾವಾಗ ತೆರೆಯಬೇಕು, ಮಳೆಗಾಲಕ್ಕೆ ಏನು ಉಳಿಸಬೇಕು ಎಂಬುದನ್ನು ಅವಳು ಯಾರನ್ನೂ ಕೇಳುತ್ತಿರಲಿಲ್ಲ.

ಅತ್ತೆ ಗಂಗಾದೇವಿ ಒಳಗೆ ವಿಭೂತಿ ಹಚ್ಚಿಕೊಂಡು ಕೂತವಳು ಮಗನನ್ನು ತಡೆದವಳಲ್ಲ. ಮುಖಕ್ಕೆ ಹೊಡೆಯಬೇಡ, ನಾಳೆ ಮಂದಿ ನೋಡ್ತಾರೆ ಎಂದಷ್ಟೇ ಹೇಳುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಒಂದು ದಿನ ವೀರಭದ್ರಮ್ಮ ಅಂಗಳದಲ್ಲಿ ಹಿಂಡಿ ಕುಟ್ಟುತ್ತಿದ್ದಳು. ಕರೆದಾಗ ಓಗೊಡಲಿಲ್ಲವೆಂದು ಮರಿಸ್ವಾಮಿ ಹಿಂದಿನಿಂದ ಬಂದು ಅವಳ ತುರುಬು ಹಿಡಿದು ತಲೆ ಹಿಂದಕ್ಕೆ ಬಗ್ಗಿಸಿ, ಒರಳಿನೊಳಗಿನ ಹಸಿ ಖಾರವನ್ನು ಮುಷ್ಟಿ ತುಂಬ ಬಳಿದು ಕಣ್ಣಿಗೆ, ಮೂಗಿಗೆ ಮೆತ್ತಿದ. ಅವಳು ಕೂಗುತ್ತ ಬೀದಿಗೆ ಓಡಿದಳು. ಕಣ್ಣು ಕಾಣದೆ ಎದುರುಮನೆಯ ಕಟ್ಟೆಗೆ ಎಡವಿ ಬಿದ್ದಳು. ಅದು ಸರ್ದಾರಬಿಯ ಮನೆ. ಗಂಡ ಸತ್ತ ಮೇಲೆ ಮಗ ರಹಮಾನಸಾಬನನ್ನು ಒಬ್ಬಳೇ ಸಾಕಿದ ಹೆಂಗಸು ಅವಳು. ಏನೂ ಕೇಳದೆ ವೀರಭದ್ರಮ್ಮನನ್ನು ಒಳಗೆ ಎಳೆದುಕೊಂಡು, ಬಾಗಿಲಿಗೆ ಅಗಳಿ ಹಾಕಿ, ಕೊಡಗಟ್ಟಲೆ ನೀರು ಸುರಿದು ಕಣ್ಣು ತೊಳೆದಳು. ಹೊರಗೆ ಮರಿಸ್ವಾಮಿ ಬಾಗಿಲು ಬಡಿಯುತ್ತಲೇ ಇದ್ದ. ಆ ಬಾಗಿಲು ಅವತ್ತು ತೆರೆಯಲಿಲ್ಲ.

ಎಷ್ಟೋ ದಿನ ವೀರಭದ್ರಮ್ಮನಿಗೆ ಬೆಳಕು ನೋಡಲಾಗಲಿಲ್ಲ. ಎಡಗಣ್ಣಿನ ದೃಷ್ಟಿ ಮಂಜಾಗಿಯೇ ಉಳಿಯಿತು.

ಭರಣಿಗಳನ್ನು ತನ್ನ ಮನೆಯಲ್ಲಿಡು ಎಂದು ಹೇಳಿದ್ದು ಸರ್ದಾರಬಿಯೇ. ಅದೂ ಹಲವು ವರ್ಷ ಒಡೆದ ಚೂರುಗಳನ್ನು ಎದುರಿನಿಂದ ನೋಡಿ ನೋಡಿ ಸಾಕಾದ ಮೇಲೆ. ವೀರಭದ್ರಮ್ಮ ಮೊದಲು ಒಪ್ಪಲಿಲ್ಲ. ಲಿಂಗ ಕಟ್ಟಿದ ಮನೆಯ ಊಟದ ಸಾಮಾನು ಮಾಂಸ ಬೇಯುವ ಮನೆಯಲ್ಲಿ ಹೇಗಿಡುವುದು ಎಂದು ಬಾಯಿಬಿಟ್ಟು ಹೇಳಲಾರದೆ ಸುಮ್ಮನಿದ್ದಳು. ಸರ್ದಾರಬಿಗೆ ಅರ್ಥವಾಯಿತು. ತನ್ನ ಅಡುಗೆ ಒಲೆಗೆ ದೂರ, ಮುಂದಿನ ಪಡಸಾಲೆಯ ಗೋಡೆಗಿದ್ದ ಕಪಾಟನ್ನು ಖಾಲಿ ಮಾಡಿ, ಸುಣ್ಣ ಬಳಿಸಿ, ಬೀಗದ ಕೈಯನ್ನು ವೀರಭದ್ರಮ್ಮನ ಕೈಗೇ ಕೊಟ್ಟಳು. ಅದರೊಳಗೇನಿದೆ ಎಂದು ಆಕೆ ಒಂದು ದಿನವೂ ಇಣುಕಲಿಲ್ಲ.

ಅಲ್ಲಿಂದ ಮುಂದೆ ವೀರಭದ್ರಮ್ಮ ಎಲ್ಲವನ್ನೂ ಎರಡು ಪಾಲು ಮಾಡಿದಳು. ಒಡೆಯುವುದಕ್ಕೆ ಒಂದು ಪಾಲು ಗಂಡನ ಮನೆಯ ಕೋಣೆಯಲ್ಲಿ. ತಿನ್ನುವುದಕ್ಕೆ ಒಂದು ಪಾಲು ಎದುರುಮನೆಯ ಕಪಾಟಿನಲ್ಲಿ. ಭರಣಿ ಒಡೆದ ಮರುದಿನ ಅವಳು ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಿಂಡಿ ತಂದು ಮಗಳ ರೊಟ್ಟಿಗೆ ಹಚ್ಚುತ್ತಿದ್ದಳು. ಹೀಗೆ ವರ್ಷಗಳು ಹೋದವು. ಶಿವಕುಮಾರಿ ಮಸ್ಕಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವಷ್ಟು ದೊಡ್ಡವಳಾದಳು.

ಹೋದ ವರ್ಷ ಮಾವಿನಕಾಯಿಯ ಕಾಲದಲ್ಲಿ ಅದು ಬಯಲಾಯಿತು. ಹಿಂದಿನ ದಿನವಷ್ಟೇ ಮರಿಸ್ವಾಮಿ ಕೋಣೆಯನ್ನು ಪೂರ್ತಿ ಹಾಳುಗೆಡವಿದ್ದ. ಮಧ್ಯಾಹ್ನ ಹೊಲದಿಂದ ಹೇಳದೆ ಬಂದವನಿಗೆ ಮಗಳು ಉಣ್ಣುತ್ತ ಕೂತದ್ದು ಕಂಡಿತು. ತಟ್ಟೆಯಲ್ಲಿ ಕೆಂಪು ಹಿಂಡಿ ಇತ್ತು. ಅವನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಹೆಂಡತಿಯ ಕೈರುಚಿ ಅವನಿಗೆ ತಿಳಿಯದ್ದೇನಲ್ಲ.

ಎಲ್ಲಿಂದ ಬಂತು ಎಂದು ಮಗಳನ್ನು ಕೇಳಿದ. ಹುಡುಗಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಕಪಾಳಕ್ಕೆ ಬಿತ್ತು. ಎರಡನೆಯ ಏಟಿಗೆ ಅವಳ ಕಣ್ಣು ತಾನಾಗಿಯೇ ಬಾಗಿಲಾಚೆಯ ಎದುರುಮನೆಯತ್ತ ಹೋಯಿತು. ಅವನಿಗೆ ಅಷ್ಟು ಸಾಕಾಯಿತು.

ವೀರಭದ್ರಮ್ಮ ಹಿತ್ತಲಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದಳು. ಮಗಳ ಕೂಗು ಕೇಳಿ ಬೀದಿಗೆ ಬರುವಷ್ಟರಲ್ಲಿ ಮರಿಸ್ವಾಮಿ ಕೈಯಲ್ಲಿ ಕಬ್ಬಿಣದ ಹಾರೆ ಹಿಡಿದು ಸರ್ದಾರಬಿಯ ಪಡಸಾಲೆ ಸೇರಿದ್ದ. ಕಪಾಟಿನ ಕದ ಸೀಳಿತ್ತು. ಭರಣಿಗಳು ಒಂದರ ಮೇಲೊಂದು ಉರುಳಿ ಎಣ್ಣೆ, ಖಾರ, ಉಪ್ಪುನೀರು ನೆಲದ ತುಂಬ ಹರಿದಿತ್ತು. ಉಳಿದ ಒಂದು ಭರಣಿಯನ್ನು ಮುದುಕಿ ಸರ್ದಾರಬಿ ಎರಡೂ ಕೈಯಿಂದ ಎದೆಗವಚಿಕೊಂಡು ಮೂಲೆಯಲ್ಲಿ ಕೂತುಬಿಟ್ಟಿದ್ದಳು. ಅವನು ಬಿಡು ಎಂದ. ಅವಳು ಬಿಡಲಿಲ್ಲ. ಅವನು ಹಾರೆಯಿಂದ ಅವಳ ಮುಂಗೈಗೆ ಹೊಡೆದ. ಎಲುಬು ಮುರಿದ ಸಪ್ಪಳ ಬಾಗಿಲಲ್ಲಿದ್ದ ವೀರಭದ್ರಮ್ಮನಿಗೆ ಕೇಳಿಸಿತು. ಅವನು ಮತ್ತೆ ಹಾರೆ ಎತ್ತಿದ.

ಇಷ್ಟು ವರ್ಷದಲ್ಲಿ ವೀರಭದ್ರಮ್ಮ ಗಂಡನ ಮೇಲೆ ಕೈ ಎತ್ತಿದವಳಲ್ಲ. ಆಗ ಏನೂ ಯೋಚಿಸಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದಳು, ಆದರೆ ಯೋಚಿಸಿದ್ದಳು. ತಲೆಗೆ ಹೊಡೆದರೆ ಸಾಯುತ್ತಾನೆ ಎಂಬುದು ಅವಳ ಮನಸ್ಸಿನಲ್ಲಿ ಹಾದುಹೋಗಿತ್ತು. ಬಾಗಿಲ ಪಕ್ಕ ಗೋಡೆಗೆ ಒರಗಿಸಿದ್ದ ಒನಕೆಯನ್ನು ತೆಗೆದುಕೊಂಡು, ಎರಡೂ ಕೈಯಿಂದ ಬೀಸಿ, ಅವನ ಮೊಣಕಾಲಿಗೆ ಹೊಡೆದಳು. ಅವನು ಕುಸಿದು ಹಿಂಡಿಯಲ್ಲಿ ಬಿದ್ದ. ಹಾರೆಗಾಗಿ ತಡಕಾಡಿದ. ಅವಳು ಅದೇ ಕಾಲಿಗೆ ಇನ್ನೊಮ್ಮೆ ಹೊಡೆದಳು. ಮೂರನೆಯದಕ್ಕೆ ಎತ್ತಿದಾಗ ಶಿವಕುಮಾರಿ ಹಿಂದಿನಿಂದ ಬಂದು ಒನಕೆ ಹಿಡಿದುಕೊಂಡಳು.

ಅಷ್ಟರಲ್ಲಿ ರಹಮಾನಸಾಬ ಬಂದ. ಮಸ್ಕಿಯ ಸಂತೆಗೆ ಮೇಕೆ ಇಳಿಸಿ ಗೂಡ್ಸ್ ಆಟೋದಲ್ಲಿ ಮರಳಿದವನಿಗೆ ಮನೆಯಲ್ಲಿ ಕೈ ಮುರಿದ ತಾಯಿ, ಕಾಲು ಮುರಿದ ಎದುರುಮನೆಯವ. ಅವನು ಮೊದಲು ತಾಯಿಯನ್ನು ನೋಡಿದ. ಆಮೇಲೆ ಮರಿಸ್ವಾಮಿಯ ಎದೆಯ ಮೇಲೆ ಕೂತು ಕುತ್ತಿಗೆ ಹಿಡಿದ. ಬಿಡಿಸಿದವಳು ಸರ್ದಾರಬಿಯೇ. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅವನನ್ನೂ ಗಾಡಿಗೆ ಹಾಕು, ನಮ್ಮ ಮನೆಯಲ್ಲಿ ಹೆಣ ಬೀಳಬಾರದು ಎಂದು ಮಗನಿಗೆ ಹೇಳಿದಳು. ರಹಮಾನಸಾಬ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಮಲಗಿಸಿಕೊಂಡು ಲಿಂಗಸುಗೂರಿನ ಆಸ್ಪತ್ರೆಗೆ ಹೋದ. ಎತ್ತಿ ಇಳಿಸುವಾಗ ಮರಿಸ್ವಾಮಿಯ ರಕ್ತ ಅವನ ಅಂಗಿಗೆ ಹತ್ತಿತು.

ಆ ಅಂಗಿಯೇ ಅವನ ವಿರುದ್ಧ ಸಾಕ್ಷಿಯಾಯಿತು. ಹೆಂಡತಿ ಹೊಡೆದಳೆಂದು ಹೇಳಲು ಮರಿಸ್ವಾಮಿಗೆ ಬಾಯಿ ಬರಲಿಲ್ಲ. ತನ್ನನ್ನು ಮನೆಗೆ ಕರೆದು ಕಾಲು ಮುರಿದವನು ರಹಮಾನಸಾಬ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟ. ಆಸ್ಪತ್ರೆಯ ಹಾಸಿಗೆಯ ಮೇಲಿನ ಅವನ ಫೋಟೊ ಸಂಜೆಯಾಗುವುದರೊಳಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕತೆ ಹೋದಹೋದಲ್ಲಿ ಬೆಳೆಯಿತು. ಹೊರಗಿನ ಹುಡುಗರು ಬೈಕುಗಳ ಮೇಲೆ ಊರಿಗೆ ಬಂದರು. ಅವರಲ್ಲಿ ಯಾರಿಗೂ ಮರಿಸ್ವಾಮಿ ಯಾರೆಂದು ಗೊತ್ತಿರಲಿಲ್ಲ. ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ರಹಮಾನಸಾಬ ಆಗಷ್ಟೇ ಮರಳಿದ್ದ. ಸರ್ದಾರಬಿಯ ಮನೆಗೆ ಕಲ್ಲು ಬಿದ್ದವು. ಬಾಗಿಲು ಒಡೆದರು. ದೊಡ್ಡಿಯೊಳಗಿನ ಮೇಕೆಗಳನ್ನು ದೊಣ್ಣೆಯಿಂದ ಬಡಿದರು. ಮೇಕೆಗಳು ಕಿರುಚಿದ್ದು ಓಣಿಯ ತುದಿಯವರೆಗೂ ಕೇಳಿತು. ಗೂಡ್ಸ್ ಆಟೋಕ್ಕೆ ಬೆಂಕಿ ಇಟ್ಟರು. ಪೊಲೀಸರು ಬಂದು ಹುಡುಗರನ್ನು ಚದುರಿಸಿ, ರಹಮಾನಸಾಬನನ್ನು ಠಾಣೆಗೆ ಕರೆದೊಯ್ದರು.

ವೀರಭದ್ರಮ್ಮ ಇದೆಲ್ಲವನ್ನೂ ತನ್ನ ಮನೆಯ ಕಿಟಕಿಯಿಂದ ನೋಡಿದಳು. ಹೊರಗೆ ಹೋಗಲು ಎದ್ದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಸುಮ್ಮನಿದ್ದರೆ ತಾನಾಗಿಯೇ ತಣ್ಣಗಾಗುತ್ತದೆ ಎಂದಳು, ಗಂಡನ ಮರ್ಯಾದೆ ಎಂದಳು, ಮಗಳಿಗೆ ಗಂಡು ಸಿಗುವುದಿಲ್ಲ ಎಂದಳು. ಕೊನೆಗೆ ದನಿ ತಗ್ಗಿಸಿ ಹೇಳಿದಳು.

“ಅವ ಹೊರಗಿನವ. ಇವತ್ತಿಲ್ಲ ನಾಳಿ ಬಿಡ್ತಾರ. ನೀ ಜೈಲಿಗಿ ಹೋದಿ ಅಂದ್ರ ಈ ಮನಿ ಮುಗೀತು.”

ವೀರಭದ್ರಮ್ಮ ಕೂತಳು. ಬೆಳಗಾಗುವವರೆಗೂ ಕೂತೇ ಇದ್ದಳು. ಹೆದರಿಕೆಯಾಗಿತ್ತು, ಜೈಲಿನದೂ ಹೌದು, ಬೀದಿಯ ಹುಡುಗರದೂ ಹೌದು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮಗಳು ಮನೆಗೆ ತಂದಿಟ್ಟಿದ್ದ ಒನಕೆಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಳು. ಗಂಗಾದೇವಿ ಮತ್ತೆ ಅಡ್ಡ ಬಂದು ಸೊಸೆಯ ಕೂದಲಿಗೆ ಕೈ ಹಾಕಿದಳು. ವೀರಭದ್ರಮ್ಮ ಆ ಕೈಯನ್ನು ಬಿಡಿಸಿ, ಮುದುಕಿಯನ್ನು ಹಿಂದಕ್ಕೆ ತಳ್ಳಿ, ಮಗಳ ಜೊತೆ ಬಸ್ಸು ಹತ್ತಿದಳು.

ಠಾಣೆಯಲ್ಲಿ ರಹಮಾನಸಾಬ ಗೋಡೆಗೆ ಒರಗಿ ಕೂತಿದ್ದ. ತುಟಿ ಊದಿತ್ತು. ಅವಳು ಒನಕೆಯನ್ನು ಮೇಜಿನ ಮೇಲೆ ಇಟ್ಟಳು. ಅಧಿಕಾರಿ ಏನಮ್ಮ ಇದು ಎಂದು ಕೇಳಿದರು.

“ಇದ್ರಲೆ ನಾನ ಹೊಡದೀನ್ರೀ ಸಾಹೇಬ್ರ, ನನ್ನ ಗಂಡನ್ನ. ಈ ಹುಡುಗ ಮನ್ಯಾಗ ಇರಲಿಲ್ಲ. ದವಾಖಾನಿಗಿ ಒಯ್ದವ ಅವನ.”

ಗಂಡನನ್ನು ಉಳಿಸಬೇಕಾದವಳು ಹೀಗೆ ಹೇಳುತ್ತೀಯಲ್ಲ, ಯಾರಾದರೂ ಹೆದರಿಸಿದರೇನು ಎಂದು ಅವರು ಮತ್ತೆ ಮತ್ತೆ ಕೇಳಿದರು. ಅವಳು ತನ್ನ ಎಡಗಣ್ಣಿನ ಕತೆಯಿಂದ ಶುರುಮಾಡಿ, ಎಲ್ಲಿ ನಿಂತು ಎಲ್ಲಿ ಹೊಡೆದೆ ಎಂಬಲ್ಲಿಯವರೆಗೆ ಹೇಳಿದಳು. ಮಗಳು ಕಪಾಳದ ಮೇಲಿನ ಬಾಸುಂಡೆ ತೋರಿಸಿದಳು. ಲಿಂಗಸುಗೂರಿನ ಆಸ್ಪತ್ರೆಯಲ್ಲಿದ್ದ ಸರ್ದಾರಬಿಯೂ ಅದನ್ನೇ ಹೇಳಿದಳು. ಮಧ್ಯಾಹ್ನ ರಹಮಾನಸಾಬನನ್ನು ಬಿಟ್ಟರು, ವೀರಭದ್ರಮ್ಮನನ್ನು ಇಟ್ಟುಕೊಂಡರು. ಸಿಂಧನೂರಿನಲ್ಲಿದ್ದ ಅವಳ ಅಣ್ಣ ಚನ್ನವೀರ ಜಾಮೀನು ಮಾಡಿಸಿದ. ತಂಗಿಯ ಮನೆ ಮುರಿಯಿತು ಎಂದು ಅಳುತ್ತಲೇ ಮಾಡಿಸಿದ.

ಹೆಂಡತಿಯ ಮೇಲೊಂದು, ಗಂಡನ ಮೇಲೊಂದು ಕೇಸಾದವು. ಎರಡೂ ಇನ್ನೂ ಕೋರ್ಟಿನಲ್ಲಿವೆ. ಊರ ಹಿರಿಯರು ರಾಜಿಗೆ ಕೂಡಿಸಿದರು. ಅವಳು ಗಂಡನ ಕಾಲು ಮುಟ್ಟಿ ಕ್ಷಮೆ ಕೇಳಲಿ, ಅವನು ಹಿಂದಿನದನ್ನು ಮರೆಯಲಿ ಎಂದರು. ಅವಳು ಒಪ್ಪಲಿಲ್ಲ. ಮರಿಸ್ವಾಮಿ ತಾಯಿಯ ಜೊತೆ ಹೊಲದ ಮನೆಗೆ ಹೋದ. ಕೋಲೂರಿಕೊಂಡು ನಡೆಯುತ್ತಾನೆ. ಹೊಡೆದವನು ರಹಮಾನಸಾಬನೇ ಎಂದು ಇವತ್ತಿಗೂ ಚಹಾದಂಗಡಿಯಲ್ಲಿ ಹೇಳುತ್ತಾನೆ, ನಂಬುವವರೂ ಇದ್ದಾರೆ. ಊರಿನ ಮನೆಯಲ್ಲಿ ತಾಯಿ ಮಗಳು ಇಬ್ಬರೇ.

ಎದುರುಮನೆಗೆ ಮಾತ್ರ ಬೀಗ ಬಿತ್ತು. ಊರಿಗೆ ನಿಜ ತಿಳಿದ ಮೇಲೂ ಸರ್ದಾರಬಿಗೆ, ಮಗನಿಗೆ ಅಲ್ಲಿ ಬಾಳಲು ಧೈರ್ಯ ಬರಲಿಲ್ಲ. ಕಲ್ಲು ಹೊಡೆದವರ ಪೈಕಿ ಯಾರೂ ಬಂದು ಮಾತಾಡಿಸಲಿಲ್ಲ. ಉಳಿದ ಮೇಕೆಗಳನ್ನು ಮಾರಿ ರಹಮಾನಸಾಬ ತಾಯಿಯನ್ನು ಮಸ್ಕಿಗೆ ಕರೆದೊಯ್ದ.

ಈ ಸಲ ಹಣ್ಣುಮೆಣಸಿನಕಾಯಿ ಬಂದಾಗ ವೀರಭದ್ರಮ್ಮ ಒಂದು ಚೀಲ ಹೊತ್ತುಕೊಂಡು ಮಸ್ಕಿಯಲ್ಲಿ ಬಸ್ಸಿಳಿದಳು. ಸರ್ದಾರಬಿಯ ಕೈ ಸೊಟ್ಟಗೆ ಕೂಡಿಕೊಂಡಿತ್ತು, ಲೋಟವೂ ನಿಲ್ಲುತ್ತಿರಲಿಲ್ಲ. ಬಾಡಿಗೆ ಮನೆಯ ಅಂಗಳದಲ್ಲಿ ಮುದುಕಿ ಕೂತು ತೊಟ್ಟು ಬಿಡಿಸಿದಳು, ಒಂದೇ ಕೈಯಲ್ಲಿ. ವೀರಭದ್ರಮ್ಮ ಕುಟ್ಟಿದಳು. ಚೀಲ ಅರ್ಧ ಖಾಲಿಯಾಯಿತು. ಆಮೇಲೆ ಸರ್ದಾರಬಿ ತಲೆ ಎತ್ತದೆ ಕೇಳಿದಳು.

“ಹೊಡದದ್ದು ತಪ್ಪಾತು ಅನಸ್ತೈತೇನ ಬೇ ನಿನಗ?”

“ಇಲ್ಲ ಯವ್ವಾ. ನಿನ್ನ ಕೈ ನೋಡಿದಾಗೆಲ್ಲ ಇನ್ನೊಂದು ಕಾಲಿಗೂ ಹೊಡೀಬೇಕಿತ್ತು ಅನಸ್ತೈತಿ.”

ಸರ್ದಾರಬಿ ಅವಳ ಮುಖ ನೋಡಿದಳು. ಅದರಲ್ಲಿ ನಗೆ ಇರಲಿಲ್ಲ. ಮುದುಕಿಗೆ ಒಂದು ಗಳಿಗೆ ಹೆದರಿಕೆಯಾಯಿತು. ಮತ್ತೆ ತೊಟ್ಟು ಬಿಡಿಸುತ್ತ, ಉಪ್ಪು ಈಗಲೇ ಹಾಕು, ಬಿಸಿಲು ಏರಿತು ಎಂದಳು.